ಟಿಮ್‌ಗೆ ಕನ್ನಡದ ಮಾತು: ಹಕ್ಕು ಮುಗಿದ ಕಾಮಿಕ್ಸ್‌ನಿಂದ ಎಂಟು ಪುಟದ ಪುಸ್ತಕ

ಸೂಪರ್‌ಹೀರೋ ಪಕ್ಕದಲ್ಲಿ ಓಡುವ ಹುಡುಗನ ಮುಖ್ಯ ಕೆಲಸ ಗುದ್ದಾಟವಲ್ಲ, ಕೇಳುವುದು. ‘ಅಣ್ಣ, ಅವನ್ಯಾರು? ಬೀಗ ಹೆಂಗೆ ಒಡೆದ?’ ಎಂದು ಅವನು ಕೇಳದಿದ್ದರೆ ನಾಯಕ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳಬೇಕಾಗುತ್ತದೆ. ತಿಪಟೂರು ಕಡೆಯ ಮೂಡಲಪಾಯ ಬಯಲಾಟ ನೋಡಿದವರಿಗೆ ಇದು ಗೊತ್ತೇ ಇದೆ: ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ವಿಚಾರಿಸುತ್ತಾನೆ, ಆ ಉತ್ತರದಲ್ಲೇ ಕಥೆ ಸಭೆಗೆ ತಿಳಿಯುತ್ತದೆ. ಆದ್ದರಿಂದ 1940ರ ದಶಕದ ಅಮೆರಿಕನ್ ಕಾಮಿಕ್ಸ್ ಒಂದನ್ನು ತುಮಕೂರಿನ ಶಾಲೆ ಮಕ್ಕಳಿಗೆ ಕನ್ನಡದಲ್ಲಿ ಕೊಡುವಾಗ ಮೊದಲು ಬರೆಯಬೇಕಾದ್ದು ಈ ಹುಡುಗನ ಮಾತು. ನಾಯಕನದು ಆಮೇಲೆ.

ಮೊದಲ ಪುಸ್ತಕಕ್ಕೆ ನೆಡೋರ್ ಪ್ರಕಾಶನದ ಬ್ಲ್ಯಾಕ್ ಟೆರರ್ ಕಥೆಗಳು ಒಳ್ಳೆಯವು. 1941ರ ಮೇ ತಿಂಗಳ ಎಕ್ಸೈಟಿಂಗ್ ಕಾಮಿಕ್ಸ್ 9ನೇ ಸಂಚಿಕೆಯಲ್ಲಿ ಈ ನಾಯಕ ಹುಟ್ಟಿದ. ಮೆಡಿಕಲ್ ಸ್ಟೋರ್ ನಡೆಸುವ ಬಾಬ್ ಬೆಂಟನ್‌ಗೆ ‘ಫಾರ್ಮಿಕ್ ಈಥರ್’ ಎಂಬ ರಾಸಾಯನಿಕದಿಂದ ಶಕ್ತಿ ಬರುತ್ತದೆ. ಜೊತೆಗಾರ ಟಿಮ್ ರೋಲೆಂಡ್ ಅದೇ ಅಂಗಡಿಯ ಹುಡುಗ. ಕೆಂಜಿಗ ಕಚ್ಚಿದರೆ ಉರಿಸುವುದು ಫಾರ್ಮಿಕ್ ಆಮ್ಲವೇ ಆದ್ದರಿಂದ ನಮ್ಮ ಮಕ್ಕಳಿಗೆ ಈ ಕಥೆ ಬೇಗ ಹಿಡಿಸುತ್ತದೆ. ಹುಡುಗಿಯೇ ಬೇಕೆಂದರೆ ಹೋಲಿಯೋಕ್ ಪ್ರಕಾಶನದ ಕ್ಯಾಟ್‌ಮ್ಯಾನ್ ಜೊತೆಗಿನ ಕಿಟನ್ ಇದ್ದಾಳೆ, ಸರ್ಕಸ್‌ನಿಂದ ಬಂದ ಅನಾಥ ಬಾಲಕಿ. 1942ರಲ್ಲಿ ಡೇರ್‌ಡೆವಿಲ್ ಕಾಮಿಕ್ಸ್ 13ರಲ್ಲಿ ಬಂದ ಲಿಟಲ್ ವೈಸ್ ಗೈಸ್ ನಾಲ್ವರು ಹುಡುಗರ ಗುಂಪು. ಮುಂದೆ ನಾಯಕ ಡೇರ್‌ಡೆವಿಲ್‌ನನ್ನೇ ಅವನ ಪತ್ರಿಕೆಯಿಂದ ಹೊರಗೆ ತಳ್ಳುವಷ್ಟು ಬೆಳೆದರು. ಆದರೆ ಒಂದೇ ಚೌಕದಲ್ಲಿ ನಾಲ್ಕು ಮಾತಿನ ಬಲೂನು ಬರುವುದರಿಂದ ಹೊಸಬರಿಗೆ ಕಷ್ಟ. ಬ್ಯಾಟ್‌ಮ್ಯಾನ್ ಜೊತೆಗಾರ ರಾಬಿನ್‌ನನ್ನು ಮುಟ್ಟಬೇಡಿ. 1940ರಲ್ಲಿ ಬಂದ ಅವನು ಅಮೆರಿಕದಲ್ಲಿ ಹಕ್ಕು ಮುಗಿದು ಸಾರ್ವಜನಿಕ ಸ್ವತ್ತಾಗುವುದು 2036ರ ಜನವರಿ 1ಕ್ಕೆ.

ಹಳೆಯದು ಎಂದ ಮಾತ್ರಕ್ಕೆ ಕೃತಿಸ್ವಾಮ್ಯದ ಹಕ್ಕು ಮುಗಿದಿರುವುದಿಲ್ಲ. 1964ಕ್ಕಿಂತ ಮೊದಲು ಅಮೆರಿಕದಲ್ಲಿ ಅಚ್ಚಾದ ಕೃತಿಯ ಹಕ್ಕನ್ನು 28ನೇ ವರ್ಷದಲ್ಲಿ ನವೀಕರಿಸಬೇಕಿತ್ತು. ನವೀಕರಿಸದಿದ್ದರೆ ಹಕ್ಕು ಹೋಯಿತು. 1941ರ ಸಂಚಿಕೆಯಾದರೆ ಅಮೆರಿಕದ ಕಾಪಿರೈಟ್ ಕಚೇರಿಯ ‘ಕ್ಯಾಟಲಾಗ್ ಆಫ್ ಕಾಪಿರೈಟ್ ಎಂಟ್ರೀಸ್’ನ 1968 ಮತ್ತು 1969ರ ನಿಯತಕಾಲಿಕ ಸಂಪುಟಗಳಲ್ಲಿ ನವೀಕರಣದ ಪಟ್ಟಿ ನೋಡಿ, ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಪತ್ರಿಕೆಯ ಹೆಸರಲ್ಲೂ ಪ್ರಕಾಶಕರ ಹೆಸರಲ್ಲೂ ಹುಡುಕಬೇಕು. ಒಂದೇ ಸಂಚಿಕೆಯೊಳಗೆ ದಿನಪತ್ರಿಕೆಯ ಸ್ಟ್ರಿಪ್‌ಗಳನ್ನು ಮರುಮುದ್ರಿಸಿದ್ದರೆ ಅವುಗಳ ನವೀಕರಣ ಬೇರೆಯೇ ಆಗಿರಬಹುದು, ಅಂಥ ಪುಟ ಬಿಟ್ಟುಬಿಡಿ. ವಿದೇಶಿ ಕೃತಿಗೆ ಅದರ ಮೂಲ ದೇಶದಲ್ಲಿರುವುದಕ್ಕಿಂತ ಹೆಚ್ಚಿನ ಅವಧಿ ಭಾರತದಲ್ಲಿ ಸಿಗದಂತೆ 1999ರ ಅಂತಾರಾಷ್ಟ್ರೀಯ ಕೃತಿಸ್ವಾಮ್ಯ ಆದೇಶ ಮಿತಿ ಹಾಕಿದೆ. ಹಣಕ್ಕೆ ಮಾರುವ ಯೋಚನೆಯಿದ್ದರೆ ಮಾತ್ರ ವಕೀಲರೊಬ್ಬರನ್ನು ಒಮ್ಮೆ ಕೇಳಿ. ಇನ್ನೊಂದು ಎಚ್ಚರ ಹೆಸರಿನದು: ಕಥೆ ಬಿಡುಗಡೆಯಾಗಿದ್ದರೂ ಹೆಸರು ಬೇರೊಬ್ಬರ ಟ್ರೇಡ್‌ಮಾರ್ಕ್ ಆಗಿರಬಹುದು. ಹಳೆಯ ಡೇರ್‌ಡೆವಿಲ್‌ನನ್ನು ಮತ್ತೆ ತಂದ ಡೈನಮೈಟ್ ಪ್ರಕಾಶನ ಈ ಕಾರಣಕ್ಕೇ ಹೆಸರು ತಿರುಚಬೇಕಾಯಿತು. ಮುಖಪುಟಕ್ಕೆ ನಿಮ್ಮದೇ ಕನ್ನಡ ಶೀರ್ಷಿಕೆ ಇಡಿ.

ಸ್ಕ್ಯಾನ್‌ಗಳು ಡಿಜಿಟಲ್ ಕಾಮಿಕ್ ಮ್ಯೂಸಿಯಂ, ಕಾಮಿಕ್ ಬುಕ್ ಪ್ಲಸ್ ತಾಣಗಳಲ್ಲಿವೆ. ಅಲ್ಲಿ ಕಾಣುವ ಸಿಬಿಝಡ್ ಎಂದರೆ ಹೆಸರು ಬದಲಿಸಿದ ಜಿಪ್ ಕಡತವಷ್ಟೆ; ಬಿಚ್ಚಿದರೆ ಪುಟಕ್ಕೊಂದು ಚಿತ್ರ ಸಿಗುತ್ತದೆ. ಅಗಲ 1200 ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ಬೇಡ, ಎ5 (ಎ4ರ ಅರ್ಧ) ಅಚ್ಚಿನಲ್ಲೂ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕಪ್ಪು-ಬಿಳುಪು ಮಾಡಲು ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಚಿತ್ರವನ್ನು ಕೆಂಪು, ಹಸಿರು, ನೀಲಿ ಪದರಗಳಾಗಿ (ಚಾನೆಲ್) ಬಿಡಿಸಿ ಕೆಂಪು ಚಾನೆಲ್ ತೆಗೆದುಕೊಂಡರೆ ಕಾಗದದ ಹಳದಿ ಬಹುಮಟ್ಟಿಗೆ ಮಾಯ. ಆದರೆ ಬ್ಲ್ಯಾಕ್ ಟೆರರ್ ವಿಷಯದಲ್ಲಿ ಇಲ್ಲೇ ಎಡವುವುದು: ಕಪ್ಪು ಉಡುಪಿನ ಮಡಿಕೆಗಳನ್ನು ನೀಲಿಯಲ್ಲಿ ತೋರಿಸಿರುವ ಕಡೆ ಕೆಂಪು ಚಾನೆಲ್‌ನಲ್ಲಿ ನೀಲಿಯೂ ಕಪ್ಪಾಗಿ ಇಡೀ ಮೈ ಮಸಿಯ ಮುದ್ದೆಯಾಗುತ್ತದೆ. ಉಡುಪಿರುವ ಜಾಗಕ್ಕೆ ಮಾತ್ರ ನೀಲಿ ಚಾನೆಲ್ ತಂದು, ಉಳಿದ ಕಡೆ ಅದು ಕಾಣದಂತೆ ಮಾಸ್ಕ್ ಹಾಕಿ. ಹಳೆಯ ಅಚ್ಚಿನ ಬಣ್ಣದ ಚುಕ್ಕಿಗಳು ಉಳಿದಿದ್ದರೆ 1ರಿಂದ 1.5 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟು, ಲೆವೆಲ್ಸ್‌ನಲ್ಲಿ ಬಿಳಿಯನ್ನು ಮೇಲಕ್ಕೆತ್ತಿ. ಚುಕ್ಕಿ ಹಾಗೇ ಬಿಟ್ಟರೆ ಜೆರಾಕ್ಸ್‌ನಲ್ಲಿ ಅಲೆ ಅಲೆಯಾದ ಕಲೆ ಮೂಡುತ್ತದೆ.

ಈಗ ಮಾತು. ಇಂಗ್ಲಿಷ್ ಬಲೂನಿನಲ್ಲಿ ಎಲ್ಲವೂ ದೊಡ್ಡಕ್ಷರ, ಸಾಲುಗಳು ಒತ್ತೊತ್ತಾಗಿರುತ್ತವೆ. ಕನ್ನಡಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು. ಸಾಲಿನ ಅಂತರ ಅಕ್ಷರದ ಅಳತೆಗಿಂತ ಒಂದೂವರೆ ಪಟ್ಟು ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಇಕಾರಕ್ಕೆ ತಾಗುತ್ತದೆ. ಇಪ್ಪತ್ತು ಇಂಗ್ಲಿಷ್ ಪದಗಳಿದ್ದ ಬಲೂನಿಗೆ ಹತ್ತು ಹನ್ನೆರಡು ಕನ್ನಡ ಪದ ಸಾಕು. ಉದ್ದ ಪದವನ್ನು ತುಂಡು ಮಾಡಬೇಡಿ, ವಾಕ್ಯವನ್ನೇ ಮೊಟಕು ಮಾಡಿ. ಚಿತ್ರದಲ್ಲಿ ಕಾಣುವುದನ್ನು ಹಳೆಯ ಕಥೆಗಾರರು ಮಾತಿನಲ್ಲೂ ಹೇಳುತ್ತಿದ್ದರು, ಮೊದಲು ಅದಕ್ಕೆ ಕತ್ತರಿ ಹಾಕಿ. ಫಾಂಟಿಗೆ ಮುಕ್ತ ಪರವಾನಗಿಯ ‘ಬಾಲೂ ತಮ್ಮ’ ಚೆನ್ನಾಗಿ ಒಪ್ಪುತ್ತದೆ, ದುಂಡಗೆ ದಪ್ಪಗಿದೆ.

ಟಿಮ್ ಬಾಬ್‌ನನ್ನು ಹೆಸರು ಹಿಡಿದು ಕರೆಯುವುದು ನಮ್ಮ ಕಿವಿಗೆ ಒರಟು; ‘ಬಾಬಣ್ಣ’ ಎಂದರೆ ಇಬ್ಬರ ನಂಟು ಒಂದೇ ಪದದಲ್ಲಿ ಬಂತು. ಕಿಟನ್‌ಗೆ ಕ್ಯಾಟ್‌ಮ್ಯಾನ್ ‘ಮಾಮ’. ಮೇಲಿನ ಚೌಕದ ನಿರೂಪಣೆ ಪುಸ್ತಕದ ಕನ್ನಡದಲ್ಲಿರಲಿ, ಹುಡುಗನ ಬಾಯಿಗೆ ನಮ್ಮ ಸೀಮೆಯ ಮಾತು ಕೊಡಿ: ‘ಅಣ್ಣ, ಒಳಗೆ ಯಾರೋ ಅವ್ರೆ!’ ‘ಆ ಡಬ್ಬೀಲಿ ಏನೈತೆ?’ ಅಂಗಡಿಯವರಿಂದ ರೌಡಿಗಳು ಹಣ ಕೀಳುವ ದೃಶ್ಯ ಬಂದರೆ ಅದಕ್ಕೆ ‘ಮಾಮೂಲು’ ಎಂಬ ಪದವೇ ಇದೆ. ಗುದ್ದಿದರೆ ಢಬ್, ಬಾಗಿಲು ಮುರಿದರೆ ಧಡಾರ್, ಕೆನ್ನೆಗಾದರೆ ಫಟಾರ್. ಊರಿನ ಹೆಸರು ಮಾತ್ರ ಬದಲಿಸಬೇಡಿ. ಹಿಂದೆ ಗಗನಚುಂಬಿ ಕಟ್ಟಡ ನಿಂತಿರುವಾಗ ಕೆಳಗೆ ತುಮಕೂರಿನ ‘ಬಿ.ಎಚ್. ರಸ್ತೆ’ ಎಂದು ಬರೆದರೆ ಮಕ್ಕಳೇ ಒಪ್ಪುವುದಿಲ್ಲ.

ಯುದ್ಧಕಾಲದ ಸಂಚಿಕೆಗಳಲ್ಲಿ ಜಪಾನೀಯರನ್ನು ಹಲ್ಲು ಕಣ್ಣು ವಿಕಾರ ಮಾಡಿ ಬರೆದ ಚಿತ್ರಗಳು ಬಹಳ. ಆಫ್ರಿಕನ್ ಅಮೆರಿಕನ್ ಜೊತೆಗಾರರ ಚಿತ್ರಣವೂ ಎಷ್ಟೋ ಕಡೆ ಅವಮಾನದ್ದೇ. ಅಂಥ ಕಥೆ ಮಕ್ಕಳ ಕೈಗೆ ಕೊಡಬಾರದು. ಬೇರೆ ಕಥೆ ಆರಿಸಿ.

ಅಚ್ಚಿಗೆ ಪ್ರತಿಯೊಂದಕ್ಕೆ ಎರಡು ಎ4 ಹಾಳೆ, 80 ಜಿಎಸ್‌ಎಂ ತೂಕದ ಕಾಗದ. ಮೂಲ ಪುಟ ಎ5ಗೆ ಇಳಿದಾಗ ಸುಮಾರು ಮುಕ್ಕಾಲು ಅಳತೆಯಾಗುತ್ತದೆ. ಆದ್ದರಿಂದ ಆರೆಂಟು ಚೌಕದ ಪುಟವನ್ನು ಎರಡಾಗಿ ಹಂಚಿ, ಪುಟಕ್ಕೆ ನಾಲ್ಕು ಚೌಕ ಇಡಿ. ಅಕ್ಷರ 10 ಪಾಯಿಂಟ್‌ಗಿಂತ ಕೆಳಗಿಳಿದರೆ ಜೆರಾಕ್ಸ್‌ನಲ್ಲಿ ಒತ್ತುಗಳು ಮುಚ್ಚಿಹೋಗುತ್ತವೆ. ಪುಟ ಜೋಡಣೆ ಹೀಗೆ: ಮೊದಲ ಹಾಳೆಯ ಮುಂದೆ 8–1, ಹಿಂದೆ 2–7, ಎರಡನೆಯದರ ಮುಂದೆ 6–3, ಹಿಂದೆ 4–5. ಅಂಗಡಿಯಲ್ಲಿ ‘ಶಾರ್ಟ್ ಎಡ್ಜ್’ (ಗಿಡ್ಡ ಅಂಚಿನ) ತಿರುವು ಎಂದು ಹೇಳಿ, ಇಲ್ಲವಾದರೆ ಹಿಂಬದಿ ತಲೆಕೆಳಗಾಗುತ್ತದೆ. ಪಿಡಿಎಫ್ ಮಾಡುವ ಮುಂಚೆ ಗೆರೆಚಿತ್ರದ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಅಕ್ಷರಗಳನ್ನು ಪಾತ್ (ಬರೀ ಗೆರೆಯ ಆಕಾರ) ಆಗಿ ಬದಲಿಸಿ. ಹಾಗೆ ಮಾಡದೆ ಪಿಡಿಎಫ್ ಒಳಗೆ ಫಾಂಟೂ ಸೇರದಿದ್ದರೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಒತ್ತಕ್ಷರ ಒಡೆದುಹೋಗಬಹುದು. ಒಂದು ಪ್ರತಿ ತೆಗೆಸಿ, ಮಡಿಸಿ, ಮಡಿಕೆಯ ಮೇಲೆ ಎರಡು ಪಿನ್ ಹೊಡೆದು ಪುಟ ತಿರುವಿ ನೋಡಿ. ಮಡಿಕೆಯ ಕಡೆ 12 ಮಿಲಿಮೀಟರ್ ಖಾಲಿ ಬಿಟ್ಟಿದ್ದರೆ ಟಿಮ್‌ನ ಬಲೂನು ಪಿನ್ನಿನ ಕೆಳಗೆ ಸಿಕ್ಕಿಕೊಳ್ಳುವುದಿಲ್ಲ. ಉಳಿದ ಪ್ರತಿಗಳಿಗೆ ಆಮೇಲೆ ಹೇಳಿ.