ನಾಗರಹೊಳೆ, ಬಂಡೀಪುರಗಳಲ್ಲಿ ಹುಲಿಯ ಜಾಡು ಹಿಡಿಯುವ ಬಗೆ

ಹುಲಿ ನೋಡಲೆಂದು ಕಾಡಿಗೆ ಹೋದವರಲ್ಲಿ ಹೆಚ್ಚಿನವರು ಅದನ್ನು ಕಣ್ಣಿನಿಂದಲೇ ಹುಡುಕುತ್ತಾರೆ. ಲಂಟಾನ ಪೊದೆಯ ಮರೆಯಲ್ಲಿ ಮಲಗಿದ ಹುಲಿಯ ಪಕ್ಕದಲ್ಲಿಯೇ ಜೀಪು ಹಾದುಹೋದರೂ ಅದು ಕಾಣದಿರಬಹುದು. ಅದರ ಸುಳಿವು ಮೊದಲು ಸಿಗುವುದು ಕಿವಿಗೆ. ಆದ್ದರಿಂದ ಕ್ಯಾಮೆರಾಕ್ಕಿಂತ ಮೊದಲು ಸಿದ್ಧಪಡಿಸಿಕೊಳ್ಳಬೇಕಾದುದು ಸುಮ್ಮನೆ ಕುಳಿತು ಕೇಳುವ ಅಭ್ಯಾಸವನ್ನು.

ಕರ್ನಾಟಕದಲ್ಲಿ ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ ಮತ್ತು ಬಿಳಿಗಿರಿರಂಗನಬೆಟ್ಟ ಎಂಬ ಐದು ಹುಲಿ ಸಂರಕ್ಷಿತ ಪ್ರದೇಶಗಳಿವೆ. ಇವುಗಳಲ್ಲಿ ಬಂಡೀಪುರವು 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಮೊದಲ ಸಲ ಹೋಗುವವರಿಗೆ ಬಂಡೀಪುರ ಅಥವಾ ನಾಗರಹೊಳೆಯೇ ಸೂಕ್ತವೆಂದು ನನ್ನ ಅಭಿಪ್ರಾಯ. ಕಾಳಿಯ ದಟ್ಟ ಕಾಡಿನಲ್ಲಿ ಹುಲಿ ಕಾಣುವುದು ತೀರ ಅಪರೂಪ.

ಫೆಬ್ರುವರಿಯಿಂದ ಮೇ ತಿಂಗಳವರೆಗೆ ಎಲೆ ಉದುರಿ ಕಾಡು ತೆರವಾಗಿರುತ್ತದೆ, ಪ್ರಾಣಿಗಳು ಕೆರೆಕಟ್ಟೆಗಳ ಬಳಿಗೆ ಬರುತ್ತವೆ. ಎರಡು ಕಾಡುಗಳ ನಡುವೆ ಹರಡಿರುವ ಕಬಿನಿ ಜಲಾಶಯದ ನೀರು ಈ ದಿನಗಳಲ್ಲಿ ಇಳಿದಂತೆಲ್ಲ ದಂಡೆಯಲ್ಲಿ ಹೊಸ ಹುಲ್ಲು ಚಿಗುರಿ, ಆನೆಗಳು ಹಿಂಡುಹಿಂಡಾಗಿ ಅಲ್ಲಿ ಸೇರುತ್ತವೆ. ಮಳೆಗಾಲ ಮುಗಿದ ಮೇಲಿನ ಕಾಡು ಕಣ್ಣಿಗೆ ತಂಪು, ಜಿಂಕೆ ಮತ್ತು ಕಾಟಿಗಳಿಗೂ ಕೊರತೆಯಿಲ್ಲ. ಹುಲಿಗೆ ಮಾತ್ರ ಅದು ಒಳ್ಳೆಯ ಮರೆ. ಸಫಾರಿಯ ಸೀಟನ್ನು ಮೊದಲೇ ಕಾಯ್ದಿರಿಸಿ, ಗುರುತಿನ ಚೀಟಿಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ಕಾಳ್ಗಿಚ್ಚು, ಅತಿಮಳೆ ಅಥವಾ ಅಂಚಿನ ಹಳ್ಳಿಗಳಲ್ಲಿ ವನ್ಯಪ್ರಾಣಿ ಹಾವಳಿಯ ಕಾರಣದಿಂದ ಸಫಾರಿಯನ್ನು ನಿಲ್ಲಿಸುವುದುಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳಿತು. ಬಸ್ಸು ಅಥವಾ ಕ್ಯಾಂಟರಿಗಿಂತ ಜೀಪಿನಲ್ಲಿ ಜನ ಕಡಿಮೆ, ಸದ್ದೂ ಕಡಿಮೆ. ಮಣ್ಣಿನ ಬಣ್ಣದ ಅಥವಾ ಮಂಕು ಹಸಿರಿನ ಬಟ್ಟೆ ಸಾಕು.

ಒಳಗೆ ಹೋದ ಮೇಲೆ ಬೆಳಗಿನ ಮೊದಲ ಗಂಟೆಯಲ್ಲಿ ಗಮನಿಸಬೇಕಾದುದು ದಾರಿಯ ಧೂಳನ್ನು. ಹುಲಿಯ ಹೆಜ್ಜೆಯಲ್ಲಿ ನಾಲ್ಕು ಬೆರಳು ಮತ್ತು ಅಗಲವಾದ ಅಂಗಾಲಿನ ಗುರುತಿರುತ್ತದೆ. ಉಗುರು ಒಳಸೇರಿರುವುದರಿಂದ ಅದರ ಗುರುತು ಮೂಡುವುದಿಲ್ಲ, ಸೀಳುನಾಯಿಯ ಹೆಜ್ಜೆಯಲ್ಲಾದರೆ ಮೂಡುತ್ತದೆ. ಹೆಜ್ಜೆಯು ಜೀಪಿನ ಟೈರಿನ ಗೆರೆಯ ಮೇಲೆ ಬಿದ್ದಿದ್ದರೆ ಹಿಂದಿನ ವಾಹನ ಹೋದ ನಂತರ ಹುಲಿ ಅಲ್ಲಿ ನಡೆದಿದೆ ಎಂದರ್ಥ, ಗೆರೆಯ ಅಡಿಯಲ್ಲಿದ್ದರೆ ಅದು ಹಳೆಯದು.

ಇನ್ನು ಕೂಗಿನ ವಿಷಯ. ಮರದ ತುದಿಯಲ್ಲಿ ಕುಳಿತ ಮುಸುವಕ್ಕೆ ಬಹುದೂರದವರೆಗೆ ಕಾಣುತ್ತದೆ. ಹುಲಿ ಅಥವಾ ಚಿರತೆ ಕಂಡೊಡನೆ ಅದು ಕೆಮ್ಮಿದಂತೆ ‘ಖಕ್, ಖಕ್’ ಎಂದು ಬಿಟ್ಟುಬಿಟ್ಟು ಕೂಗುತ್ತದೆ. ಕೆಳಗೆ ಮೇಯುವ ಜಿಂಕೆಯದು ಕೀರಲು ದನಿ. ಆದರೆ ಜಿಂಕೆ ಅಂಜುಬುರುಕ ಪ್ರಾಣಿ, ಸಣ್ಣ ಅನುಮಾನಕ್ಕೂ ಒಂದೆರಡು ಸಲ ಕೂಗಿ ಸುಮ್ಮನಾಗುತ್ತದೆ. ಕಡವೆ ಹಾಗಲ್ಲ. ತಗಡಿಗೆ ಬಡಿದಂತಹ ಅದರ ಗಟ್ಟಿ ಕೂಗು ಮತ್ತೆ ಮತ್ತೆ ಕೇಳಿಸಿದರೆ ಅನುಭವಿ ಚಾಲಕರು ತಕ್ಷಣ ಇಂಜಿನ್ ಆರಿಸುತ್ತಾರೆ. ಆಗ ಪ್ರಾಣಿಗಳು ಯಾವ ಕಡೆಗೆ ಮುಖ ಮಾಡಿ ನಿಂತಿವೆ, ಬಾಲ ಎತ್ತಿವೆಯೇ, ಮುಂಗಾಲಿನಿಂದ ನೆಲವನ್ನು ಬಡಿಯುತ್ತಿವೆಯೇ ಎಂಬುದನ್ನು ನೋಡಬೇಕು. ಕೂಗು ಒಂದು ಮರದಿಂದ ಇನ್ನೊಂದಕ್ಕೆ ಸರಿಯುತ್ತಾ ಹೋದರೆ ಹುಲಿ ನಡೆಯುತ್ತಿದೆ, ಮುಂದೆ ದಾರಿ ದಾಟಬಹುದಾದ ಜಾಗವನ್ನು ಊಹಿಸಿ ಕಾಯಬಹುದು. ಎಲ್ಲ ದನಿಯೂ ಒಮ್ಮೆಲೇ ನಿಂತರೆ ಅದು ಮಲಗಿರಬಹುದು, ಇಲ್ಲವೇ ದೂರ ಸರಿದಿರಬಹುದು. ಹತ್ತು ಹದಿನೈದು ನಿಮಿಷ ಕಾಯುವ ತಾಳ್ಮೆಯಿಲ್ಲದೆ ‘ಮುಂದೆ ಹೋಗೋಣ’ ಎಂದು ಚಾಲಕರನ್ನು ಅವಸರಪಡಿಸುವವರೇ ಹೆಚ್ಚು. ಅವರು ಸರಿದ ಜಾಗದಲ್ಲಿಯೇ ಹಿಂದಿನ ಜೀಪಿನವರಿಗೆ ಹುಲಿ ಕಂಡ ಕಥೆ ಸಫಾರಿ ಮುಗಿದ ಮೇಲೆ ಆಗಾಗ ಕೇಳಿಬರುತ್ತದೆ.

ಹುಲಿ ಕಂಡಾಗ ಎದ್ದು ನಿಲ್ಲಬಾರದು, ಕೂಗಬಾರದು, ಇನ್ನೂ ಹತ್ತಿರ ಹೋಗುವಂತೆ ಕೇಳಬಾರದು. ಪ್ರಾಣಿಯಿಂದ ಕನಿಷ್ಠ 20 ಮೀಟರ್, ಎರಡು ವಾಹನಗಳ ನಡುವೆ 50 ಮೀಟರ್ ಅಂತರವಿರಬೇಕೆಂಬುದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ. ನಿಜ ಹೇಳಬೇಕೆಂದರೆ ಹುಲಿಗಿಂತ ಹೆಚ್ಚು ಎಚ್ಚರ ಬೇಕಾಗುವುದು ಆನೆಯ ಮುಂದೆ, ಅದರಲ್ಲೂ ಮರಿಯಿರುವ ಹಿಂಡಿನ ಮುಂದೆ. ಆನೆ ಕಿವಿಯಗಲಿಸಿ ತಲೆಯೆತ್ತಿ ನಿಂತಿತೆಂದರೆ ಫೋಟೊದ ಆಸೆ ಬಿಟ್ಟು, ವಾಹನವನ್ನು ಹಿಂದಕ್ಕೆ ತೆಗೆಯುವ ನಿರ್ಧಾರವನ್ನು ಚಾಲಕರಿಗೇ ಬಿಡಬೇಕು.

ಹುಲಿ ಕಾಣದ ಸುತ್ತಿನಲ್ಲಿಯೂ ನೋಡುವುದಕ್ಕೆ ಬಹಳವಿರುತ್ತದೆ. ನಾಗರಹೊಳೆಯಲ್ಲಿ ಹಡ್ಲು ಎಂದು ಕರೆಯುವ ಜೌಗು ಹುಲ್ಲುಗಾವಲುಗಳಲ್ಲಿ ಕಾಟಿಗಳು ಮೇಯುತ್ತವೆ, ಮತ್ತಿ ಮರದ ಕೊಂಬೆಗಳ ನಡುವೆ ಕೆಂದಳಿಲು ಓಡಾಡುತ್ತದೆ. ಮುಸುವಗಳು ಮೇಲಿನಿಂದ ಉದುರಿಸುವ ಎಲೆ, ಕಾಯಿಗಳಿಗಾಗಿ ಜಿಂಕೆಗಳು ಅದೇ ಮರದಡಿ ನೆರೆದಿರುತ್ತವೆ. ಮೇಲಿನ ಕಣ್ಣು, ಕೆಳಗಿನ ಮೂಗು ಎರಡೂ ಸೇರಿ ಕಾವಲು ನಡೆಸುವುದನ್ನು ಇಲ್ಲಿ ನೋಡಬಹುದು.

ಬಂಡೀಪುರದಿಂದ ಮರಳುವವರು ಹೆದ್ದಾರಿಯ ಬದಿಯಲ್ಲಿ ವಾಹನ ನಿಲ್ಲಿಸಿ ಜಿಂಕೆ, ಕೋತಿಗಳಿಗೆ ತಿಂಡಿ ಹಾಕಬಾರದು. ಕಾಡನ್ನು ಹಾದುಹೋಗುವ ಗುಂಡ್ಲುಪೇಟೆ–ಸುಲ್ತಾನ್ ಬತ್ತೇರಿ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಖಾಸಗಿ ವಾಹನಗಳ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಸಂಜೆಯ ಸಫಾರಿ ಮುಗಿಸಿ ಕೇರಳದ ಕಡೆಗೆ ಹೊರಡುವವರು ಈ ಸಮಯವನ್ನು ಲೆಕ್ಕಹಾಕಿಕೊಂಡಿರಬೇಕು.