ಮೊದಲ ಮುದ್ರಣದ ಇಸವಿ ಹುಡುಕುತ್ತಾ: ನನ್ನ ಅನುಭವ

ಮೂರು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಶಿವರಾಮ ಕಾರಂತರ ಕಾದಂಬರಿಗಳ ಕುರಿತು ತಾನು ಬರೆದ ಪ್ರಬಂಧವನ್ನು ಗ್ರಂಥಾಲಯಕ್ಕೆ ತಂದು, "ಮೇಡಂ, ಒಮ್ಮೆ ಕಣ್ಣಾಡಿಸಿ ಕೊಡ್ತೀರಾ?" ಎಂದು ಕೇಳಿದಳು. ಬರವಣಿಗೆ ಅಚ್ಚುಕಟ್ಟಾಗಿತ್ತು. ಆದರೆ ಅದರಲ್ಲಿ ‘ಮೂಕಜ್ಜಿಯ ಕನಸುಗಳು’ ಮೊದಲು ಬಂದು, ‘ಚೋಮನ ದುಡಿ’ ಅದಾದ ಎಷ್ಟೋ ವರ್ಷಗಳ ಮೇಲೆ ಬಂದಿತ್ತು. ಆ ಕ್ರಮವನ್ನೇ ನಂಬಿಕೊಂಡು, ಅಜ್ಜಿಯ ಕಾಣ್ಕೆಯಿಂದ ಚೋಮನ ಬದುಕಿನ ಕಡೆಗೆ ಲೇಖಕರು ಹೇಗೆ ಸಾಗಿಬಂದರು ಎಂದು ಅವಳು ಎರಡು ಪುಟ ವಿವರಿಸಿದ್ದಳು. ‘ಚೋಮನ ದುಡಿ’ ಅಚ್ಚಾದದ್ದು 1933ರಲ್ಲಿ, ‘ಮೂಕಜ್ಜಿ’ 1968ರಲ್ಲಿ. ನಡುವೆ ಮೂವತ್ತೈದು ವರ್ಷಗಳ ಅಂತರವಿದೆ, ಅದೂ ತಿರುವುಮುರುವಾಗಿ. ಎಲ್ಲಿಂದ ತೆಗೆದುಕೊಂಡೆ ಎಂದು ಕೇಳಿದಾಗ ಅವಳು ಮೊಬೈಲಿನಲ್ಲಿ ಒಂದು ಆನ್‌ಲೈನ್ ಪುಸ್ತಕ ಸೂಚಿಯನ್ನು ತೆರೆದು ತೋರಿಸಿದಳು. ಅಲ್ಲಿ ‘ಚೋಮನ ದುಡಿ’ಯ ಎದುರು ‘ಮೊದಲ ಪ್ರಕಟಣೆ’ ಎಂಬ ಜಾಗದಲ್ಲಿ ಎಂಬತ್ತರ ದಶಕದ ಯಾವುದೋ ಮರುಮುದ್ರಣದ ಇಸವಿ ಕೂತಿತ್ತು. ಆ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ ಸಿನಿಮಾ 1975ರಲ್ಲೇ ತೆರೆಗೆ ಬಂದಿತ್ತು ಎಂಬುದೊಂದನ್ನು ನೆನೆದರೂ ಆ ಇಸವಿ ನಿಲ್ಲುವುದಿಲ್ಲ. ಹುಡುಗಿಯದು ತಪ್ಪಲ್ಲ, ಅವಳು ಓದಿದ್ದನ್ನು ನಂಬಿದ್ದಳು. ಅಂದು ಸಂಜೆಯೇ ನಾನು ಆ ಸೂಚಿಯಲ್ಲಿ ಖಾತೆ ತೆರೆದು, ಸ್ವಯಂಸೇವಕಿಯಾಗಿ ತಿದ್ದುವ ಅನುಮತಿಗೆ ಅರ್ಜಿ ಹಾಕಿದೆ.

ಇಂಥ ತಪ್ಪು ಏಕೆ ಆಗುತ್ತದೆ ಎಂಬುದು ಕೆಲಸಕ್ಕೆ ಇಳಿದ ಮೇಲೆ ಗೊತ್ತಾಯಿತು. ಇಂಥ ಸೂಚಿಗಳಲ್ಲಿ ‘ಕೃತಿ’ ಮತ್ತು ‘ಆವೃತ್ತಿ’ ಎಂದು ಎರಡು ಹಂತಗಳಿರುತ್ತವೆ. ಕೃತಿ ಒಂದೇ, ಅದರ ಅಡಿಯಲ್ಲಿ ಮುದ್ರಣಗಳು, ಅನುವಾದಗಳು, ಇ-ಪುಸ್ತಕಗಳು ಎಲ್ಲವೂ ಬೇರೆ ಬೇರೆ ಆವೃತ್ತಿಗಳಾಗಿ ನಿಲ್ಲುತ್ತವೆ. ಮೊದಲ ಪ್ರಕಟಣೆಯ ಇಸವಿ ಕೃತಿಗೆ ಸೇರಿದ್ದು, ನಮ್ಮ ಕೈಯಲ್ಲಿರುವ ಪ್ರತಿಯ ಇಸವಿ ಆವೃತ್ತಿಗೆ ಸೇರಿದ್ದು. ಕನ್ನಡದ ಹಳೆಯ ಪುಸ್ತಕಗಳಿಗೆ ಪ್ರತಿ ಆವೃತ್ತಿಯನ್ನೂ ಬೇರೆಯಾಗಿ ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯೇ ಇರಲಿಲ್ಲ. ಮಳಿಗೆಗಳ ಪಟ್ಟಿಗಳಿಂದ ಯಂತ್ರವು ತಾನಾಗಿ ಎಳೆದುಕೊಳ್ಳುವುದು ಐಎಸ್‌ಬಿಎನ್ ಇರುವ ಹೊಸ ಮರುಮುದ್ರಣವನ್ನು ಮಾತ್ರ. ಬೇರೆ ಇಸವಿ ಕಾಣದಿದ್ದಾಗ ಅದನ್ನೇ ಕೃತಿಯ ಇಸವಿಯನ್ನಾಗಿಯೂ ಮಾಡಿಬಿಡುತ್ತದೆ. ಹೀಗಾಗಿ ಪುಸ್ತಕ ಎಷ್ಟು ಹಳೆಯದೋ, ಎಷ್ಟು ಜನಪ್ರಿಯವೋ, ಅದರ ಇಸವಿ ತಪ್ಪಾಗಿರುವ ಸಂಭವವೂ ಅಷ್ಟೇ ಹೆಚ್ಚು, ಏಕೆಂದರೆ ಮತ್ತೆ ಮತ್ತೆ ಅಚ್ಚಾಗುವುದು ಅಂಥ ಪುಸ್ತಕಗಳೇ.

ಮೊದಲ ವಾರದಲ್ಲಿ ನಾನೇ ಒಂದು ದೊಡ್ಡ ತಪ್ಪು ಮಾಡಿದೆ. ನಮ್ಮ ಗ್ರಂಥಾಲಯದ ಒಂದು ಕಾದಂಬರಿಯ ಒಳಪುಟದಲ್ಲಿ ‘ಮೊದಲ ಮುದ್ರಣ: 1987’ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು, ನಾನು ಅದನ್ನು ಹಾಗೆಯೇ ದಾಖಲಿಸಿದೆ. ಎರಡು ದಿನ ಕಳೆದ ಮೇಲೆ ಅದೇ ಕಾದಂಬರಿಯ ಬೇರೊಂದು ಪ್ರತಿ ಕಪಾಟಿನ ಹಿಂದಿನ ಸಾಲಿನಲ್ಲಿ ಸಿಕ್ಕಿತು. ಬೇರೆ ಪ್ರಕಾಶಕರದು, ಅದರ ಮೇಲೆ 1961 ಎಂದಿತ್ತು. ಹಕ್ಕು ಪಡೆದುಕೊಂಡ ಹೊಸ ಪ್ರಕಾಶಕರು ತಮ್ಮ ಪಾಲಿನ ಮೊದಲ ಮುದ್ರಣವನ್ನು ‘ಮೊದಲ ಮುದ್ರಣ’ ಎಂದೇ ಕರೆಯುವುದು ನಮ್ಮಲ್ಲಿ ರೂಢಿ. ಅದು ಸುಳ್ಳಲ್ಲ, ಆದರೆ ಅದು ಕೃತಿಯ ಇಸವಿಯೂ ಅಲ್ಲ. ಅಂದಿನಿಂದ ಒಳಪುಟವೊಂದನ್ನೇ ನೆಚ್ಚಿಕೊಂಡು ಯಾವ ಇಸವಿಯನ್ನೂ ಬದಲಿಸಿಲ್ಲ. ಮುನ್ನುಡಿ, ಲೇಖಕರ ಅರಿಕೆ, ‘ಎರಡನೆಯ ಮುದ್ರಣಕ್ಕೆ ಎರಡು ಮಾತು’, ಹಿಂಬದಿಯಲ್ಲಿರುವ ‘ಇದೇ ಲೇಖಕರ ಇತರ ಕೃತಿಗಳು’ ಪಟ್ಟಿ, ಇವೆಲ್ಲವನ್ನೂ ಓದಿದ ಮೇಲೆಯೇ ಕೀಲಿಮಣೆಗೆ ಕೈ ಹಾಕುತ್ತೇನೆ. ಮುನ್ನುಡಿಯ ಕೆಳಗಿನ ತಾರೀಖನ್ನೂ ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ಡಿಸೆಂಬರಿನಲ್ಲಿ ಬರೆದ ಮುನ್ನುಡಿಯ ಪುಸ್ತಕ ಮುಂದಿನ ವರ್ಷದ ಬೇಸಿಗೆಯಲ್ಲಿ ಅಚ್ಚಿನಿಂದ ಹೊರಬಂದಿರಬಹುದು.

ಒಳಪುಟವೇ ಹರಿದುಹೋಗಿರುವ ಪ್ರತಿಗಳಲ್ಲಿ ಬೇರೆ ಗುರುತುಗಳನ್ನು ಹುಡುಕಬೇಕಾಗುತ್ತದೆ, ಮತ್ತು ಈ ಕೆಲಸದಲ್ಲಿ ನನಗೆ ಬಹಳ ಪ್ರಿಯವಾದ ಭಾಗವೇ ಅದು. ಪ್ರಕಾಶಕರ ವಿಳಾಸ ‘ಬೆಂಗಳೂರು-2’ ಎಂದಿದ್ದರೆ ಪುಸ್ತಕ ಬಹುಮಟ್ಟಿಗೆ 1972ಕ್ಕಿಂತ ಹಿಂದಿನದು, ಏಕೆಂದರೆ ಆರು ಅಂಕಿಗಳ ಪಿನ್‌ಕೋಡ್ ಜಾರಿಗೆ ಬಂದದ್ದು ಆ ವರ್ಷದ ಆಗಸ್ಟ್ 15ರಂದು. ‘560 002’ ಎಂದಿದ್ದರೆ ಖಂಡಿತ ಅದರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದೆಂದು ಊಹಿಸಬಹುದು. ಬೆಲೆ ಆಣೆಗಳಲ್ಲಿದ್ದರೆ 1957ರ ಏಪ್ರಿಲ್‌ಗೆ ಮುಂಚಿನದು, ‘ನ.ಪೈ.’ (ನಯಾ ಪೈಸೆ) ಎಂದಿದ್ದರೆ ಆಮೇಲಿನ ಕೆಲವು ವರ್ಷಗಳದು. ಪ್ರಶಸ್ತಿಗಳೂ ಒಂದು ಗಡಿ ಹಾಕಿಕೊಡುತ್ತವೆ: ‘ಶ್ರೀ ರಾಮಾಯಣ ದರ್ಶನಂ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1955ರಲ್ಲಿ, ಆದ್ದರಿಂದ ಅದರ ಮೊದಲ ಪ್ರಕಟಣೆಯೆಂದು ಅದರ ಈಚಿನ ಯಾವ ಇಸವಿ ಕಂಡರೂ ಅದು ತಪ್ಪು ಎಂದು ಪುಸ್ತಕ ಮುಟ್ಟದೆಯೇ ಹೇಳಬಹುದು. ಆದರೆ ಗಡಿ ಬೇರೆ, ಇಸವಿ ಬೇರೆ. ಗಡಿಯಿಂದ ತಪ್ಪನ್ನು ಹಿಡಿಯಬಹುದೇ ಹೊರತು ಸರಿಯನ್ನು ಬರೆಯಲಾಗುವುದಿಲ್ಲ.

ನಮ್ಮ ಕಾಲೇಜಿನ ಹಳೆಯ ಅಕ್ಸೆಶನ್ ರಿಜಿಸ್ಟರುಗಳು ಇಷ್ಟು ಉಪಯೋಗಕ್ಕೆ ಬರುತ್ತವೆಂದು ನಾನು ಎಣಿಸಿರಲಿಲ್ಲ. ಪುಸ್ತಕ ಕೊಂಡ ತಾರೀಖು, ಅಂಗಡಿಯ ಬಿಲ್ಲಿನ ಸಂಖ್ಯೆ, ಬೆಲೆ, ಇಸವಿ ಎಲ್ಲವನ್ನೂ ನನಗಿಂತ ಹಿಂದಿನ ಗ್ರಂಥಪಾಲಕರು ನೀಲಿ ಶಾಯಿಯಲ್ಲಿ, ಒಂದು ಸಾಲೂ ಬಿಡದೆ ಬರೆದಿಟ್ಟಿದ್ದಾರೆ. ರಕ್ಷಾಪುಟ ಹೋಗಿ, ಮೊದಲ ಎಂಟು ಪುಟ ಹೋಗಿ, ಬರೀ ಮೊಹರು ಮತ್ತು ಸಂಖ್ಯೆ ಉಳಿದಿರುವ ಪುಸ್ತಕವನ್ನು ಆ ರಿಜಿಸ್ಟರಿನಲ್ಲಿ ಹುಡುಕಿದರೆ ಅದು ಯಾವ ಮುದ್ರಣ ಎಂಬುದೂ ಒಮ್ಮೊಮ್ಮೆ ಸಿಗುತ್ತದೆ. ಅಲ್ಲಿ ಸಿಗದ್ದಕ್ಕೆ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಕಬ್ಬನ್ ಉದ್ಯಾನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ, ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಗ್ರಂಥಾಲಯಕ್ಕೂ ಪಟ್ಟಿ ಹಿಡಿದುಕೊಂಡು ಹೋಗುತ್ತೇನೆ.

ಒಂದು ಪುಸ್ತಕದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕರಾವಳಿಯ ಒಂದು ಹಳೆಯ ಯಕ್ಷಗಾನ ಪ್ರಸಂಗದ ಪುಸ್ತಕ, ಅಂಗೈಯಗಲದ್ದು, ಕಾಗದ ಮುಟ್ಟಿದರೆ ಪುಡಿಯಾಗುವಂಥದ್ದು. ಸೂಚಿಯಲ್ಲಿ ಅದರ ಇಸವಿ 1959 ಎಂದಿತ್ತು. ಪುಸ್ತಕದಲ್ಲಿ ಇಂಗ್ಲಿಷ್ ಇಸವಿ ಎಲ್ಲಿಯೂ ಇರಲಿಲ್ಲ; ಅರಿಕೆಯ ಕೊನೆಯಲ್ಲಿ ‘ವಿಕಾರಿ ಸಂ॥ ಮಾಘ ಶುದ್ಧ’ ಎಂದು ಮಾತ್ರ ಇತ್ತು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. 1959ರ ಯುಗಾದಿಯಿಂದ ಆರಂಭವಾದದ್ದು ವಿಕಾರಿ, ನಿಜ. ಆದರೆ 1899ರ ಯುಗಾದಿಯಿಂದ ಆರಂಭವಾದದ್ದೂ ವಿಕಾರಿಯೇ. ಎರಡರಲ್ಲಿ ಯಾವುದು? ಹಿಂಬದಿಯ ರಕ್ಷಾಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ, ಹುಳು ತಿಂದ ಅಂಚಿನ ಪಕ್ಕದಲ್ಲಿ ‘ಕ್ರಯ ಆಣೆ 4’ ಎಂಬ ಸಾಲು ಉಳಿದಿತ್ತು. ಆಣೆಯ ಲೆಕ್ಕ 1957ಕ್ಕೇ ಮುಗಿದಿದ್ದರಿಂದ 1959 ಅಲ್ಲವೆಂದು ತೀರ್ಮಾನವಾಯಿತು. ಹಾಗೆಂದು 1899 ಎಂದು ಬರೆಯುವುದೂ ಸರಿಯಲ್ಲ. ಸಂವತ್ಸರ ಮುಗಿಯುವುದು ಫಾಲ್ಗುಣದ ಕೊನೆಗೆ. ಮಾಘ ಮಾಸದ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಆ ವಿಕಾರಿಯ ಮಾಘ ಶುದ್ಧ ಬಂದದ್ದು 1900ರ ಫೆಬ್ರವರಿಯಲ್ಲಿ. ಅರಿಕೆ ಬರೆದದ್ದೇ ಆಗ ಎಂದ ಮೇಲೆ ಪುಸ್ತಕ ಅದಕ್ಕಿಂತ ಮೊದಲು ಹೊರಬಂದಿರಲಾರದು. ನಾನು 1900 ಎಂದು ತಿದ್ದಿ, ಟಿಪ್ಪಣಿಯ ಜಾಗದಲ್ಲಿ ಸಂವತ್ಸರ, ಮಾಸ, ಬೆಲೆ ಮೂರನ್ನೂ ಬರೆದೆ. ಶಕವರ್ಷ ಕೊಟ್ಟಿರುವ ಪುಸ್ತಕಗಳಲ್ಲಿಯೂ ಇದೇ ಎಚ್ಚರ ಬೇಕು. 78 ಕೂಡಿಸಿದರೆ ಮುಗಿಯಿತು ಎನ್ನುವುದು ಪುಷ್ಯ, ಮಾಘ, ಫಾಲ್ಗುಣಗಳ ಮಟ್ಟಿಗೆ ಬಹುಪಾಲು ಒಂದು ವರ್ಷ ಹಿಂದೆ ಬೀಳುತ್ತದೆ.

ವಿಕಾರಿಯ ಮಾತು ಬಂದಾಗ ‘ಇಂದಿರಾಬಾಯಿ’ ನೆನಪಾಗದೆ ಇರದು. ಗುಲ್ವಾಡಿ ವೆಂಕಟರಾಯರ ಈ ಕಾದಂಬರಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1899ರಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದನ್ನು ಗುರುತಿಸುತ್ತೇವೆ. ಅದರ ಒಂದು ಇಂಗ್ಲಿಷ್ ಅನುವಾದ 1903ರಲ್ಲಿ ಬಂತು, ಇನ್ನೊಂದು ಮೂಲ ಕಾದಂಬರಿ ಅಚ್ಚಾದ ಸರಿಯಾಗಿ ನೂರಿಪ್ಪತ್ತು ವರ್ಷಗಳ ನಂತರ, 2019ರಲ್ಲಿ. ಸೂಚಿಯಲ್ಲಿ ಈ ಹೊಸ ಅನುವಾದ ಬೇರೆಯೇ ಕೃತಿಯಾಗಿ ನಿಂತಿತ್ತು, ಮೊದಲ ಪ್ರಕಟಣೆ 2019 ಎಂದೇ ಇತ್ತು. ಅನುವಾದಗಳಲ್ಲಿ ಇದು ಪದೇ ಪದೇ ಕಾಣುವ ತೊಡಕು. ‘ಸಂಸ್ಕಾರ’ ಕನ್ನಡದಲ್ಲಿ 1965ರದು, ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ 1976ರದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರದು, ಇಂಗ್ಲಿಷಿನಲ್ಲಿ ಅದು ಭಾರತದಲ್ಲಿ ಬಂದದ್ದು 2015ರಲ್ಲಿ, ಅಮೆರಿಕದಲ್ಲಿ 2017ರಲ್ಲಿ. ಇಲ್ಲಿ ಇಸವಿ ತಿದ್ದುವುದಕ್ಕಿಂತ ಮೊದಲು ದಾಖಲೆಗಳನ್ನು ಒಂದುಗೂಡಿಸಬೇಕು. ಕನ್ನಡ ಲಿಪಿಯ ಶೀರ್ಷಿಕೆ, ರೋಮನ್ ಲಿಪಿಯಲ್ಲಿ ಬರೆದ ಅದೇ ಶೀರ್ಷಿಕೆ, ಅನುವಾದದ ಶೀರ್ಷಿಕೆ, ಈ ಮೂರೂ ಒಂದೇ ಕೃತಿಯ ಅಡಿಗೆ ಬಂದರೆ ಒಮ್ಮೆ ತಿದ್ದಿದ ಇಸವಿ ಎಲ್ಲಕ್ಕೂ ಸಲ್ಲುತ್ತದೆ. ಒಂದುಗೂಡಿಸದೆ ತಿದ್ದಿದರೆ ಒಂದು ದಾಖಲೆ ಸರಿಯಾಗಿ, ಉಳಿದೆರಡು ತಪ್ಪಾಗಿಯೇ ಉಳಿಯುತ್ತವೆ, ಮತ್ತು ಓದುಗರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಆ ಉಳಿದವೇ.

ಹಳಗನ್ನಡ ಕಾವ್ಯಗಳ ವಿಷಯದಲ್ಲಿ ನನ್ನ ನಿಲುವು ಎಲ್ಲರಿಗೂ ಒಪ್ಪಿಗೆಯಾಗಿಲ್ಲ. ಪಂಪನ ‘ವಿಕ್ರಮಾರ್ಜುನ ವಿಜಯ’ ಸುಮಾರು 941ರದು. ‘ಕವಿರಾಜಮಾರ್ಗ’ ಸುಮಾರು 850ರದು, ಅದನ್ನು ಕೆ.ಬಿ. ಪಾಠಕರು ಸಂಪಾದಿಸಿ ಅಚ್ಚು ಹಾಕಿಸಿದ್ದು 1898ರಲ್ಲಿ. ‘ಪ್ರಕಟಣೆ’ ಎಂದರೆ ಅಚ್ಚು ಎಂದೇ ಅರ್ಥ, ಆದ್ದರಿಂದ 1898 ಎಂದೇ ಹಾಕಬೇಕು ಎಂದು ಸ್ವಯಂಸೇವಕರೊಬ್ಬರು ನನ್ನೊಡನೆ ಬಹಳ ದಿನ ವಾದಿಸಿದರು. ಅಚ್ಚು ಇಲ್ಲದ ಕಾಲದಲ್ಲಿ ಓಲೆಗರಿಯ ಮೇಲೆ ಪ್ರತಿಯಾಗಿ, ಸಭೆಗಳಲ್ಲಿ ಓದಿಸಿಕೊಂಡು ಜನರನ್ನು ಮುಟ್ಟಿದ ಕಾವ್ಯಕ್ಕೆ ಅದು ರಚನೆಯಾದ ಕಾಲವೇ ಮೊದಲ ಪ್ರಕಟಣೆ ಎಂದು ನಾನು ನಂಬುತ್ತೇನೆ. ರಚನೆಯ ಕಾಲವನ್ನು ಕೃತಿಗೂ, ಸಂಪಾದಿತ ಮುದ್ರಣದ ಇಸವಿಯನ್ನು ಆವೃತ್ತಿಗೂ ಕೊಟ್ಟರೆ ಪಂಪ ಮತ್ತು ಅವನನ್ನು ಅಚ್ಚಿಗೆ ತಂದ ವಿದ್ವಾಂಸರು, ಇಬ್ಬರಿಗೂ ನ್ಯಾಯ ಸಲ್ಲುತ್ತದೆ. ಕೊನೆಗೆ ಅವರು ಒಪ್ಪಿದರು.

ಯಂತ್ರದಿಂದಾಗುವ ತಪ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. ಇಸವಿ ಮಾತ್ರ ಗೊತ್ತಿದ್ದು ತಿಂಗಳು, ದಿನ ಖಾಲಿ ಬಿಟ್ಟರೆ ಕೆಲವು ಸೂಚಿಗಳು ತಾವೇ ಜನವರಿ 1 ಎಂದು ತುಂಬಿಕೊಳ್ಳುತ್ತವೆ. ಆಮೇಲೆ ಬೇರೆ ದೇಶದ ಸಮಯಕ್ಕೆ ಹೊಂದಿಸುವಾಗ ಅದು ಹಿಂದಿನ ವರ್ಷದ ಡಿಸೆಂಬರ್ 31 ಆಗಿ ತೋರುತ್ತದೆ. ನಾನು ತಿದ್ದಿದ ಹಲವು ಪುಸ್ತಕಗಳು ಹೀಗೆ ಒಂದು ವರ್ಷ ಹಿಂದಕ್ಕೆ ಜಾರಿದ್ದವು. ಆದ್ದರಿಂದ ಉಳಿಸಿದ ಮೇಲೆ ಪುಟವನ್ನು ಮತ್ತೊಮ್ಮೆ ತೆರೆದು ನೋಡುವುದು ಈಗ ಅಭ್ಯಾಸವಾಗಿದೆ. ಇನ್ನೊಂದು ನಮ್ಮ ಅಂಕಿಗಳದ್ದು. ೬ ಮತ್ತು ೯ ಹಳೆಯ ಮೊಳೆಯಚ್ಚಿನಲ್ಲಿ ಮಸಿ ಹರಡಿದಾಗ ಒಂದೇ ಥರ ಕಾಣುತ್ತವೆ. ೧೯೬೯ ಇದ್ದದ್ದು ೧೯೯೬ ಆಗುವುದು ಕಣ್ಣಿಗೂ ಸುಲಭ, ಸ್ಕ್ಯಾನ್ ಓದುವ ತಂತ್ರಾಂಶಕ್ಕೂ ಸುಲಭ. ಅನುಮಾನ ಬಂದಾಗ ಅದೇ ಪುಸ್ತಕದ ಪುಟಸಂಖ್ಯೆಗಳಲ್ಲಿ ೬೯ ಮತ್ತು ೯೬ನೆಯ ಪುಟಗಳನ್ನು ತೆರೆದು, ಆ ಅಚ್ಚುಕೂಟದ ಮೊಳೆಯಲ್ಲಿ ಬಾಲ ಯಾವ ಕಡೆ ತಿರುಗಿದೆ ಎಂದು ಭೂತಗನ್ನಡಿಯಲ್ಲಿ ಹೋಲಿಸಿ ನೋಡುತ್ತೇನೆ.

ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗಳಿಗೆ ಪುಸ್ತಕವಾಗಿ ಬಂದ ಇಸವಿಯನ್ನೇ ಇಟ್ಟು, ಧಾರಾವಾಹಿಯ ವಿವರವನ್ನು ಟಿಪ್ಪಣಿಯಲ್ಲಿ ಸೇರಿಸುತ್ತೇನೆ.

ಟಿಪ್ಪಣಿ ಬರೆಯುವುದನ್ನು ನಾನು ಯಾವ ತಿದ್ದುಪಡಿಯಲ್ಲಿಯೂ ತಪ್ಪಿಸುವುದಿಲ್ಲ. ಆಧಾರ ಕಾಣಿಸದ ಇಸವಿಯನ್ನು ನಾಳೆ ಇನ್ನೊಬ್ಬರು ಅಷ್ಟೇ ವಿಶ್ವಾಸದಿಂದ ಹಿಂದಕ್ಕೆ ತಿದ್ದುತ್ತಾರೆ, ಅವರನ್ನು ದೂರುವಂತೆಯೂ ಇಲ್ಲ. ಆ ಪ್ರಸಂಗದ ಪುಸ್ತಕದಲ್ಲಿ ಹಾಗೆಯೇ ಆಯಿತು. ತಿಂಗಳೊಪ್ಪತ್ತಿನಲ್ಲಿ 1900 ಮತ್ತೆ 1959 ಆಗಿತ್ತು. ತಿದ್ದಿದವರು ವಿದೇಶದಲ್ಲಿರುವ ಕನ್ನಡಿಗರು. ಪಂಚಾಂಗ ನೋಡಿಯೇ ತಿದ್ದಿದ್ದರು, ನನ್ನ ಟಿಪ್ಪಣಿ ಅವರ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಹಿಂಬದಿಯ ರಕ್ಷಾಪುಟದ ಚಿತ್ರ ತೆಗೆದು, ‘ಕ್ರಯ ಆಣೆ 4’ ಇರುವ ಮೂಲೆಯನ್ನು ದೊಡ್ಡದು ಮಾಡಿ ಅವರಿಗೆ ಕಳುಹಿಸಿದೆ. ಮರುದಿನ ಬೆಳಿಗ್ಗೆ ಅವರೇ ಇಸವಿಯನ್ನು 1900ಕ್ಕೆ ಮರಳಿಸಿ, ತಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಇಂಥವೇ ಇನ್ನೂ ಹನ್ನೊಂದು ಪ್ರಸಂಗದ ಪುಸ್ತಕಗಳಿವೆ, ಮುಂದಿನ ರಜೆಗೆ ಊರಿಗೆ ಬಂದಾಗ ಅವುಗಳ ಅರಿಕೆಯ ಪುಟವನ್ನೂ ಬೆಲೆಯ ಸಾಲನ್ನೂ ಚಿತ್ರ ತೆಗೆದು ಕಳುಹಿಸುತ್ತೇನೆ ಎಂದು ಬರೆದಿದ್ದರು. ಮೇ ತಿಂಗಳಲ್ಲಿ ಚಿತ್ರಗಳು ಬಂದವು. ಹನ್ನೊಂದರಲ್ಲಿ ಒಂಬತ್ತಕ್ಕೆ ಇಸವಿ ಸಿಕ್ಕಿತು. ಎರಡರಲ್ಲಿ ಮೊದಲ ಪುಟಗಳೂ ಇಲ್ಲ, ರಕ್ಷಾಪುಟವೂ ಇಲ್ಲ, ಅವುಗಳ ಇಸವಿಯ ಜಾಗವನ್ನು ಖಾಲಿ ಬಿಟ್ಟಿದ್ದೇವೆ.