78ಕ್ಕೆ ಕೊಡಬಹುದಾ? ಒಂದು ವಿಶೇಷ ಆರ್ಡರಿನ ಲೆಕ್ಕ

ನನ್ನದು ಚಿಕ್ಕ ಕಾರ್ಖಾನೆ. ತಗಡು ಕತ್ತರಿಸಿ, ಬಗ್ಗಿಸಿ, ಪೌಡರ್ ಕೋಟಿಂಗ್ ಹೊಡೆದು ಬ್ರ್ಯಾಕೆಟ್ ಮಾಡುತ್ತೇವೆ. ಮಾಲು ಹೋಗುವುದು ವಿತರಕರ ಮೂಲಕ, ಕಾಯಂ ಗಿರಾಕಿಗಳಿಗೆ. ಒಮ್ಮೆ ಹೊಸ ಕಂಪನಿಯೊಂದು ನೇರವಾಗಿ ಬಂದು 5,000 ಬ್ರ್ಯಾಕೆಟ್ ಕೇಳಿತು. ಅವರದೇ ಬಣ್ಣ ಬೇಕು, ಅವರ ಗುರುತು ಒತ್ತಿರಬೇಕು, ಒಂದೊಂದೂ ಬೇರೆ ಡಬ್ಬಿಯಲ್ಲಿರಬೇಕು. ಕೊಡುವ ಬೆಲೆ ಮಾತ್ರ ಕಮ್ಮಿ.

ಲೆಕ್ಕ ಸುಲಭವಾಗಲಿ ಅಂತ ನಮ್ಮ ಮಾಮೂಲಿ ಬೆಲೆಯನ್ನು 100 ಅಂತ ಇಟ್ಟುಕೊಂಡು, ಉಳಿದದ್ದನ್ನೆಲ್ಲ ಅದೇ ಅಳತೆಗೆ ಇಳಿಸಿ ಬರೆಯುತ್ತೇನೆ. ಹಾಗೆ ನೋಡಿದರೆ ಅವರು ಹೇಳಿದ್ದು 78.

ನಮ್ಮ ಅಸಲು ಪಟ್ಟಿ ಹೀಗಿತ್ತು. ತಗಡಿಗೆ 40. ಪೌಡರ್, ತಿರುಪು, ಪ್ಯಾಕಿಂಗ್ ಸೇರಿ 8. ಕರೆಂಟಿಗೆ 3. ಕೂಲಿ 12. ವಿತರಕರ ಕಮಿಷನ್ 5. ಬಾಡಿಗೆ, ಸೂಪರ್‌ವೈಸರ್ ಸಂಬಳ, ಯಂತ್ರಗಳ ಸವಕಳಿ, ಆಫೀಸ್ ಖರ್ಚು ಎಲ್ಲವನ್ನೂ ಹಂಚಿ ಹಾಕಿದ್ದು 22. ಒಟ್ಟು 90. ಅಂದರೆ ಒಂದು ಬ್ರ್ಯಾಕೆಟ್ಟಿಗೆ 10 ಲಾಭ.

ನಮ್ಮ ಲೆಕ್ಕ ನೋಡುವವರು ಪಟ್ಟಿ ತೋರಿಸಿ ಬೇಡ ಅಂದರು. 90 ಬೀಳುವುದನ್ನು 78ಕ್ಕೆ ಕೊಟ್ಟರೆ ಒಂದಕ್ಕೆ 12 ನಷ್ಟ, ಐದು ಸಾವಿರಕ್ಕೆ 60,000 ನಷ್ಟ. ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ 90 ಅನ್ನುವುದು ಇಡೀ ತಿಂಗಳ ಖರ್ಚನ್ನು ತಿಂಗಳ ಮಾಲಿಗೆ ಹಂಚಿದಾಗ ಬರುವ ಅಂಕಿ. ನನಗೆ ಬೇಕಿದ್ದದ್ದು ಬೇರೆ. ಈ ಆರ್ಡರ್ ತಗೊಂಡರೆ ಜೇಬಿನಿಂದ ಹೊಸದಾಗಿ ಏನು ಹೋಗುತ್ತೆ? ತಗೊಳ್ಳದಿದ್ದರೆ ಏನು ಉಳಿಯುತ್ತೆ?

ಹಾಗಾಗಿ ಪಟ್ಟಿಯ ಪ್ರತಿ ಸಾಲಿಗೂ ಇದೇ ಪ್ರಶ್ನೆ ಕೇಳುತ್ತಾ ಹೋದೆ. ತಗಡು 40 ಹೊಸ ಖರ್ಚೇ. ಪೌಡರ್, ತಿರುಪು, ಪ್ಯಾಕಿಂಗಿನ 8, ಕರೆಂಟಿನ 3 ಕೂಡ ಹಾಗೇ. ಬೇರೆ ಬೇರೆ ಡಬ್ಬಿ ಕೇಳಿದ್ದಕ್ಕೆ ಇನ್ನೂ 2. ಕಮಿಷನ್ ಇಲ್ಲ, ಯಾಕೆಂದರೆ ಅವರು ನೇರವಾಗಿ ಬಂದವರು. ಬಾಡಿಗೆ ಆರ್ಡರ್ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಸೂಪರ್‌ವೈಸರ್ ಸಂಬಳವೂ ಹಾಗೇ. ಅಲ್ಲಿಗೆ 22 ಹೋಯಿತು.

ಕೂಲಿ ವಿಷಯದಲ್ಲಿ ಸ್ವಲ್ಪ ಯೋಚನೆ ಮಾಡಬೇಕಾಯಿತು. ನಮ್ಮವರು ತಿಂಗಳ ಸಂಬಳದವರು. ತಗಡು ಒತ್ತಿ ಬಗ್ಗಿಸುವ ಪ್ರೆಸ್ ಹತ್ತಿರ ಆಗ ಕೆಲಸ ಕಡಿಮೆ ಇತ್ತು, ಜನ ಸುಮ್ನೆ ನಿಂತಿರುತ್ತಿದ್ದರು. ಆ ಹೊತ್ತಿಗೆ ಸಂಬಳ ಹೇಗೂ ಕೊಡುತ್ತಿದ್ದೆ. ಆದ್ದರಿಂದ ಆ 12 ಹೊಸ ಖರ್ಚಲ್ಲ. ಪೀಸ್ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಇದೇ 12 ಪೂರ್ತಿ ಹೊಸ ಖರ್ಚಾಗುತ್ತದೆ. ಬೇರೆಯವರ ಲೆಕ್ಕವನ್ನು ಹಾಗೇ ಎತ್ತಿಕೊಂಡು ಬರೋಕಾಗಲ್ಲ ಅನ್ನುವುದು ಇದಕ್ಕೇ. ನಮ್ಮಲ್ಲಿ ಹೊಸದಾಗಿ ಬೀಳುವುದು ಓವರ್‌ಟೈಮ್ ಮಾತ್ರ. ಒಂದೇ ತಿಂಗಳಲ್ಲಿ ಕೊಡಿ ಅಂತ ಅವರು ಕೇಳಿದ್ದರು. ಅದಕ್ಕೆ ಕೋಟಿಂಗ್ ವಿಭಾಗದಲ್ಲಿ ಓವರ್‌ಟೈಮಿಗೆ ಒಟ್ಟು 15,000, ಅಂದರೆ ಒಂದಕ್ಕೆ 3.

ಗುರುತು ಒತ್ತಲು ಹೊಸ ಡೈ, ಅಂದರೆ ಅಚ್ಚು, ಬೇಕು. ಅದಕ್ಕೆ 20,000, ಒಂದಕ್ಕೆ 4. ಹೊಸ ಕೆಲಸ ಅಂದಮೇಲೆ ಮೊದಮೊದಲು ಒಂದಷ್ಟು ಕೆಟ್ಟುಹೋಗುವುದು ಇದ್ದೇ ಇದೆ. ನೂರಕ್ಕೆ ಮೂರು ಸ್ಕ್ರ್ಯಾಪ್ ಅಂತ ಹಿಡಿದು 2 ಹಾಕಿದೆ.

ಎಲ್ಲ ಕೂಡಿಸಿದರೆ 62. ಅವರು ಕೊಡುವುದು 78. ಒಂದಕ್ಕೆ 16 ಉಳಿಯುತ್ತದೆ, ಐದು ಸಾವಿರಕ್ಕೆ 80,000. ಅದೇ ಆರ್ಡರ್, ಅದೇ ಬೆಲೆ. ಒಂದು ಕಡೆ 60,000 ನಷ್ಟ, ಇನ್ನೊಂದು ಕಡೆ 80,000 ಲಾಭ.

ತಗಡಿನ ಬಗ್ಗೆ ಒಂದು ಮಾತು. ಗೋದಾಮಿನಲ್ಲಿ ಹಳೇ ದಾಸ್ತಾನಿದ್ದರೆ ಅದನ್ನು ಕೊಂಡ ಬೆಲೆಗೆ ಹಿಡಿಯಬಾರದು. ಅದು ನಾಳೆ ನಮಗೇ ಬೇಕಾಗುವ ಮಾಲಾದರೆ ಇವತ್ತು ಮತ್ತೆ ಕೊಳ್ಳಲು ಎಷ್ಟಾಗುತ್ತೋ ಅದೇ ಅದರ ಬೆಲೆ. ಯಾವುದಕ್ಕೂ ಬಾರದೆ ಬಿದ್ದಿರುವ ಮಾಲಾದರೆ ಗುಜರಿಗೆ ಹಾಕಿದರೆ ಬರುವಷ್ಟೇ ಅದರ ಬೆಲೆ. ತಗಡಿನ ದರ ಏರಿಳಿಯುವ ಕಾಲದಲ್ಲಿ ಈ ಒಂದು ಸಾಲೇ ಲೆಕ್ಕವನ್ನು ತಿರುಗಿಸಿಬಿಡುತ್ತದೆ.

80,000 ಬಂತು ಅಂತ ಅಲ್ಲಿಗೇ ನಿಲ್ಲಿಸುವಂತಿರಲಿಲ್ಲ. ನಿಜವಾದ ತಲೆನೋವು ಓವನ್.

ನಮ್ಮಲ್ಲಿ ಕತ್ತರಿಸುವ ಯಂತ್ರ ಬಿಡುವಾಗಿರುತ್ತೆ, ಪ್ರೆಸ್ ಬಿಡುವಾಗಿರುತ್ತೆ. ಓವನ್ ಬಿಡುವಾಗಿರೋದೇ ಕಷ್ಟ. ಪೌಡರ್ ಹೊಡೆದ ಮೇಲೆ ಬ್ರ್ಯಾಕೆಟ್ಟನ್ನು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಬೇಕು. ಓವನ್ನಿನ ಗಾಳಿ ಅಷ್ಟು ಬಿಸಿಯಾದರೆ ಸಾಲದು, ಲೋಹವೇ ಅಷ್ಟು ಬಿಸಿಯಾಗಬೇಕು. ತಗಡು ದಪ್ಪಗಿದ್ದಷ್ಟೂ ಹೊತ್ತು ಜಾಸ್ತಿ. ಇದರಲ್ಲಿ ಅವಸರ ಮಾಡಿದರೆ ಕೋಟಿಂಗ್ ಮೇಲೆ ಚೆನ್ನಾಗೇ ಕಾಣುತ್ತೆ, ಆಮೇಲೆ ಚಕ್ಕೆ ಏಳುತ್ತೆ. ಹಾಗಾಗಿ ಕಾರ್ಖಾನೆಯಿಂದ ಎಷ್ಟು ಮಾಲು ಹೊರಗೆ ಹೋಗುತ್ತೆ ಅನ್ನುವುದನ್ನು ತೀರ್ಮಾನಿಸುವುದು ಓವನ್ ಒಂದೇ.

ತಿಂಗಳಿಗೆ ಓವನ್ 200 ಗಂಟೆ ಓಡುತ್ತದೆ. ಮಾಮೂಲಿ ಮಾಲಿಗೆ 170 ಗಂಟೆ ಹೋಗುತ್ತಿತ್ತು. ಉಳಿದದ್ದು 30. ಗಂಟೆಗೆ 125 ಬ್ರ್ಯಾಕೆಟ್ ಹಿಡಿಯುತ್ತದೆ, ಅಂದರೆ 5,000ಕ್ಕೆ 40 ಗಂಟೆ ಬೇಕು. ಹತ್ತು ಗಂಟೆ ಕೊರತೆ. ಅದನ್ನು ಓವರ್‌ಟೈಮಿನಲ್ಲಿ ತುಂಬಿಸಬೇಕು, ಇಲ್ಲವೇ ಅಷ್ಟು ಹೊತ್ತು ಮಾಮೂಲಿ ಮಾಲನ್ನು ಬಿಡಬೇಕು.

ಆ ಹತ್ತು ಗಂಟೆಯ ಬೆಲೆ ಎಷ್ಟು? ಮಾಮೂಲಿ ಬ್ರ್ಯಾಕೆಟ್ 100ಕ್ಕೆ ಹೋಗುತ್ತದೆ. ಅದರಲ್ಲಿ ತಗಡು, ಪೌಡರ್ ವಗೈರೆ, ಕರೆಂಟು, ಕಮಿಷನ್ ಸೇರಿ 56 ಕಳೆದರೆ 44 ಕೈಗೆ ಬರುತ್ತದೆ. ಗಂಟೆಗೆ 125ರಂತೆ 5,500. ಹತ್ತು ಗಂಟೆ ಮಾಮೂಲಿ ಮಾಲನ್ನು ತಳ್ಳಿಹಾಕಿದರೆ 55,000 ಕೈಬಿಡುತ್ತದೆ. ಓವರ್‌ಟೈಮಿನ 15,000 ಉಳಿದರೂ, 80,000 ಇದ್ದದ್ದು 40,000ಕ್ಕೆ ಇಳಿಯುತ್ತದೆ.

ಓವನ್ ಖಾಲಿ ಇರುವ ಗಂಟೆಗೆ ಬೆಲೆಯೇ ಇಲ್ಲ. ತುಂಬಿರುವ ಗಂಟೆಗೆ 5,500. ನನ್ನ ಪ್ರಕಾರ ಇಡೀ ತೀರ್ಮಾನ ಇಲ್ಲೇ ಇದೆ. ತುಂಬಾ ಜನ ಒಂದು ಪೀಸಿಗೆ ಎಷ್ಟು ಉಳಿಯುತ್ತೆ ಅಂತ ಮಾತ್ರ ನೋಡುತ್ತಾರೆ. ಎಲ್ಲಿ ಕೆಲಸ ಸಿಕ್ಕಿಕೊಳ್ಳುತ್ತೋ ಆ ಯಂತ್ರದ ಒಂದು ಗಂಟೆಗೆ ಎಷ್ಟು ಉಳಿಯುತ್ತೆ ಅಂತ ನೋಡಿದರೆ ಚಿತ್ರವೇ ಬದಲಾಗುತ್ತದೆ. ನಮ್ಮಲ್ಲಿ ಅದು ಓವನ್, ಇನ್ನೊಬ್ಬರಲ್ಲಿ ಅಚ್ಚಿನ ಯಂತ್ರ ಇರಬಹುದು, ಅಥವಾ ವೆಲ್ಡಿಂಗ್ ಗೊತ್ತಿರುವ ಒಬ್ಬನೇ ಕೆಲಸಗಾರ ಇರಬಹುದು.

ಬಣ್ಣದ ವಿಷಯ ಬೇರೆ ಇತ್ತು. ಬಣ್ಣ ಬದಲಾಯಿಸುವಾಗ ಗನ್, ಹೋಸ್, ಬೂತ್ ಎಲ್ಲವನ್ನೂ ಊದಿ ಒರೆಸಬೇಕು. ಇಲ್ಲದಿದ್ದರೆ ಹಿಂದಿನ ಬಣ್ಣದ ಚುಕ್ಕಿ ಹೊಸದರ ಮೇಲೆ ಕೂರುತ್ತದೆ. ಅಷ್ಟು ಹೊತ್ತೂ ಓವನ್ ಖಾಲಿ ಉರಿಯುತ್ತಿರುತ್ತದೆ. ವಾರವಾರ ಸ್ವಲ್ಪ ಸ್ವಲ್ಪ ಕಳಿಸಿ ಅಂದಿದ್ದರು ಅವರು. ಅದಕ್ಕೆ ನಾನು ಒಪ್ಪಲಿಲ್ಲ. ಎರಡೇ ಕಂತು, ಎರಡು ತಿಂಗಳಲ್ಲಿ ಅಂದೆ. ಹಾಗಾದರೆ ಎರಡು ತಿಂಗಳ ಬಿಡುವು ಸೇರಿ 60 ಗಂಟೆ ಸಿಗುತ್ತದೆ. ಓವರ್‌ಟೈಮೂ ಬೇಡ, ಮಾಮೂಲಿ ಮಾಲನ್ನು ತಳ್ಳುವುದೂ ಬೇಡ. ಅವರಿಗೂ ಎಲ್ಲ ಒಟ್ಟಿಗೆ ಬೇಕಿರಲಿಲ್ಲ, ಅವರ ಬೇಡಿಕೆಯಲ್ಲಿ ಒಂದು ತಿಂಗಳು ಅಂತ ಬರೆದಿತ್ತು ಅಷ್ಟೇ. ಕೇಳಿದರೆ ಗೊತ್ತಾಗುತ್ತೆ. ಬೆಲೆಗಾಗಿ ಎಳೆದಾಡುವುದಕ್ಕಿಂತ ದಿನಾಂಕಕ್ಕಾಗಿ ಮಾತಾಡುವುದು ನನಗೆ ಯಾವಾಗಲೂ ಲಾಭದ್ದೇ ಅನ್ನಿಸಿದೆ.

ಆಮೇಲೆ ದುಡ್ಡಿನ ಓಡಾಟ. ಮಾಲು ಕೊಟ್ಟ 60 ದಿನಕ್ಕೆ ಹಣ ಅಂತ ಅವರ ಷರತ್ತು. ತಗಡಿನವರು ಅಷ್ಟು ದಿನ ಕಾಯುವುದಿಲ್ಲ. 62ರಂತೆ 5,000ಕ್ಕೆ ಮೂರು ಲಕ್ಷದ ಮೇಲೆ ನಾನು ಮೊದಲೇ ಹಾಕಬೇಕು. ತಿಂಗಳಿಗೆ ಶೇಕಡಾ 1 ಬಡ್ಡಿ ಹಿಡಿದರೂ ಮೂರು ತಿಂಗಳಿಗೆ 9,000 ದಾಟುತ್ತದೆ. ಬಡ್ಡಿಗಿಂತ ದೊಡ್ಡ ಭಯ ಅಂದರೆ ಅಷ್ಟು ದಿನ ಮಾಮೂಲಿ ಮಾಲಿಗೆ ತಗಡು ತರಲು ಕೈಯಲ್ಲಿ ಕಾಸಿಲ್ಲದೆ ಹೋಗುವುದು. ಲಾಭದ ಆರ್ಡರ್ ಹಿಡಿದುಕೊಂಡೇ ಕಾರ್ಖಾನೆ ಸಂಬಳಕ್ಕೆ ಪರದಾಡುವುದು ಚಿಕ್ಕವರಲ್ಲಿ ಹೊಸದೇನಲ್ಲ.

ಇನ್ನೊಂದು ಅಪಾಯವೂ ಇದರ ಜೊತೆಗೇ ಇದೆ. ಅವರ ಗುರುತು ಒತ್ತಿದ ಬ್ರ್ಯಾಕೆಟ್ಟನ್ನು ಅವರು ಬೇಡ ಅಂದರೆ ಬೇರೆ ಯಾರಿಗೂ ಮಾರಲಾಗದು. ಗುಜರಿ ಬೆಲೆ ಬಂದರೆ ಪುಣ್ಯ. ಅದಕ್ಕೇ ಡೈ ಖರ್ಚನ್ನು ಬೆಲೆಯಿಂದ ತೆಗೆದು ಬೇರೆ ಬಿಲ್ ಮಾಡಿದೆ, ಪೂರ್ತಿ ಮುಂಗಡ. ತಗಡಿನ ಅರ್ಧ ದುಡ್ಡೂ ಮುಂಗಡ. ಮಾದರಿಗೆ ಅವರ ಸಹಿ ಬೀಳುವವರೆಗೆ ಒಂದು ಶೀಟನ್ನೂ ಕತ್ತರಿಸುವುದಿಲ್ಲ ಅಂತ ಬರೆಸಿಕೊಂಡೆ. ಬಣ್ಣದ ಚೂರಿಗೂ ಸಹಿ ಹಾಕಿಸಿ ಇಟ್ಟುಕೊಂಡೆ. ಬಣ್ಣ ಸರಿಯಿಲ್ಲ ಅನ್ನುವ ಜಗಳಕ್ಕೆ ಕೊನೆಯೇ ಇರುವುದಿಲ್ಲ.

ಡೈ ಬೇರೆ ಮಾಡಿದ್ದರಿಂದ ಒಂದು ತಮಾಷೆ ಆಯಿತು. ಪೀಸಿನ ಬೆಲೆಯನ್ನು ನಾನೇ 76ಕ್ಕೆ ಇಳಿಸಿದೆ. ಅವರ ಕಡೆಯವರಿಗೆ ತಮ್ಮ ಮೇಲಿನವರಿಗೆ ತೋರಿಸಲು ಕಮ್ಮಿ ಅಂಕಿ ಸಿಕ್ಕಿತು. ನನಗೆ 76ರ ಜೊತೆ ಡೈ ದುಡ್ಡಿನ 4 ಸೇರಿ 80 ಬಂತು. ಓವರ್‌ಟೈಮ್ ಇಲ್ಲ, ಡೈ ಅವರದು, ಹಾಗಾಗಿ ನನ್ನ ಹೊಸ ಖರ್ಚು 55. 76ರಲ್ಲಿ ಅದನ್ನು ಕಳೆದರೆ ಒಂದಕ್ಕೆ 21, ಒಟ್ಟು 1,05,000. ಮಾಮೂಲಿ ತಿಂಗಳ ಲಾಭ ನಮಗೆ 2,12,500 ಇತ್ತು. ಅದರ ಅರ್ಧದಷ್ಟು ಮೇಲೆ ಬಂದಂತಾಯಿತು.

ಒಪ್ಪುವ ಮೊದಲು ಇನ್ನೊಂದು ವಿಷಯ ನನ್ನನ್ನು ಕಾಡುತ್ತಿತ್ತು. ಇದು ಕಾಯಂ ಗಿರಾಕಿಗಳ ಕಿವಿಗೆ ಬಿದ್ದರೆ? ನಾವು ತಿಂಗಳಿಗೆ 21,250 ಬ್ರ್ಯಾಕೆಟ್ ಮಾರುತ್ತೇವೆ. ನಮಗೂ ಸ್ವಲ್ಪ ಇಳಿಸಿ ಅಂತ ಅವರೆಲ್ಲ ಕೇಳಿ, ನಾನು 100 ಇದ್ದದ್ದನ್ನು 99 ಮಾಡಿದರೆ ತಿಂಗಳಿಗೆ 21,250 ಹೋಯಿತು. ಐದು ತಿಂಗಳಿಗೆ ಆರ್ಡರಿನ ಲಾಭ ಪೂರ್ತಿ ಮಂಗಮಾಯ. ಬರೀ ಒಂದು ಇಳಿದರೆ ಹೀಗೆ! ಅದಕ್ಕೇ ಆ ಬ್ರ್ಯಾಕೆಟ್ ಎಲ್ಲಿ ಮಾರಾಟವಾಗುತ್ತೆ ಅಂತ ಮೊದಲು ವಿಚಾರಿಸಿದೆ. ಅವರು ಅದನ್ನು ತಮ್ಮದೇ ಸಾಮಾನಿನ ಒಳಗೆ ಕೂರಿಸುತ್ತಿದ್ದರು, ಅಂಗಡಿಗೆ ಬಿಡಿಯಾಗಿ ಬಿಡುತ್ತಿರಲಿಲ್ಲ. ಬಣ್ಣ, ಗುರುತು ಬೇರೆ ಇದ್ದದ್ದೂ ಒಳ್ಳೆಯದಾಯಿತು. ನಮ್ಮ ವಿತರಕರ ಪಕ್ಕದಲ್ಲೇ ಅದೇ ಬ್ರ್ಯಾಕೆಟ್ ಮಾರುವವರಾಗಿದ್ದರೆ 90 ಕೊಟ್ಟರೂ ನಾನು ಒಪ್ಪುತ್ತಿರಲಿಲ್ಲ.

ನಮ್ಮ ಲೆಕ್ಕದವರು ಕೊನೆಗೆ ಒಂದು ಸರಿಯಾದ ಪ್ರಶ್ನೆ ಕೇಳಿದರು. 76ಕ್ಕೆ ಲಾಭ ಅನ್ನುವುದಾದರೆ ಎಲ್ಲರಿಗೂ 76ಕ್ಕೇ ಕೊಟ್ಟು ಓವನ್ ತುಂಬಿಸಬಹುದಲ್ವಾ? ಅದನ್ನೂ ಹಾಕಿ ನೋಡಿದೆವು. 200 ಗಂಟೆಯೂ ತುಂಬಿದರೆ 25,000 ಬ್ರ್ಯಾಕೆಟ್. ಒಂದಕ್ಕೆ 21ರಂತೆ 5,25,000. ಆದರೆ ಸಂಬಳ, ಬಾಡಿಗೆ, ಉಳಿದ ಕಾಯಂ ಖರ್ಚೆಲ್ಲ ಸೇರಿದರೆ ತಿಂಗಳಿಗೆ 7,22,500. ಓವನ್ ತುಂಬಿ ಹರಿದರೂ ತಿಂಗಳಿಗೆ ಸುಮಾರು ಎರಡು ಲಕ್ಷ ನಷ್ಟ. ಬಾಡಿಗೆಯನ್ನು ಈ ಆರ್ಡರಿನ ಲೆಕ್ಕದಿಂದ ಬಿಟ್ಟೆ ಅಂದರೆ ಬಾಡಿಗೆ ಇಲ್ಲ ಅಂತಲ್ಲ. ಅದನ್ನು ಕಾಯಂ ಗಿರಾಕಿಗಳು ಆಗಲೇ ಕಟ್ಟಿಯಾಗಿದೆ ಅಂತ. ಅವರು ಇರುವವರೆಗೆ ಮಾತ್ರ ಈ 76ರ ಲೆಕ್ಕ ನಿಲ್ಲುತ್ತದೆ.

ಕೆಲಸ ಎರಡು ಕಂತಿನಲ್ಲಿ ಮುಗಿಯಿತು. ಸ್ಕ್ರ್ಯಾಪ್ ಮೊದಲ ಕಂತಿನಲ್ಲಿ ನಾವು ಹಿಡಿದದ್ದಕ್ಕಿಂತ ಜಾಸ್ತಿ, ಎರಡನೆಯದರಲ್ಲಿ ಕಮ್ಮಿ. ಹಣ ಬರುವುದು ಸ್ವಲ್ಪ ತಡವಾಯಿತು, ಆದರೆ ಮುಂಗಡ ಇದ್ದದ್ದರಿಂದ ಉಸಿರು ಕಟ್ಟಲಿಲ್ಲ.

ಮುಂದೆ ಅವರೇ ಮತ್ತೆ ಬಂದರು. ಅದೇ ಬ್ರ್ಯಾಕೆಟ್, ಅದೇ 76. ಅಷ್ಟು ಹೊತ್ತಿಗೆ ಮಾಮೂಲಿ ಮಾಲಿಗೇ ಓವನ್ ತುಂಬಿ, ಓವರ್‌ಟೈಮೂ ನಡೆಯುತ್ತಿತ್ತು. ಈ ಸಲ ಅವರಿಗೆ ಕೊಡುವ ಪ್ರತಿ ಬ್ರ್ಯಾಕೆಟ್ಟಿಗೂ ಒಂದು ಮಾಮೂಲಿ ಬ್ರ್ಯಾಕೆಟ್ ಬಿಡಬೇಕು. ನನ್ನ ಖರ್ಚು 55, ಬಿಟ್ಟದ್ದರ 44, ಒಟ್ಟು 99. ಅದಕ್ಕಿಂತ ಕೆಳಗೆ ಇಳಿದರೆ ನನಗೇ ಕಡಿಮೆ. ಅವರಿಗೆ 104 ಅಂದೆ. ಹಿಂದಿನ ಸಲದ ಬಿಲ್ ತೋರಿಸಿ ನಕ್ಕರು. ಅವರು ನಕ್ಕದ್ದರಲ್ಲಿ ತಪ್ಪೇನೂ ಇಲ್ಲ, ಅವರಿಗೆ ನಮ್ಮ ಓವನ್ ಕಾಣುವುದಿಲ್ಲವಲ್ಲ.

ಆದರೆ ಪ್ರೆಸ್ ಇನ್ನೂ ಬಿಡುವಾಗಿತ್ತು. ಕೋಟಿಂಗ್ ನೀವೇ ಬೇರೆ ಕಡೆ ಮಾಡಿಸಿಕೊಳ್ಳುತ್ತೀರಾ ಅಂತ ಕೇಳಿದೆ. ಗುರುತು ಒತ್ತಿ, ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿ ಕೊಟ್ಟರೆ ನನ್ನ ಹೊಸ ಖರ್ಚು 48 ಆಗುತ್ತಿತ್ತು. ಓವನ್ನಿನ ಒಂದು ನಿಮಿಷವೂ ಅದಕ್ಕೆ ಹೋಗುವುದಿಲ್ಲ. 60ಕ್ಕೆ ಕೊಡುತ್ತೇನೆ ಅಂದೆ. ಅವರು ಎರಡು ದಿನ ಯೋಚಿಸಿ, ಮೊದಲು 2,000 ಕಳಿಸಿ ನೋಡೋಣ ಅಂದರು.